ಬಿಳಿ ಸೀಟಿನ ಮೇಲೆ ಯಾರು ಕೂರಬೇಕು?

ಕಾರು ಕೊಳ್ಳುವ ಮನೆಯಲ್ಲಿ ಹೊರಗಿನ ಬಣ್ಣದ ಚರ್ಚೆ ವಾರಗಟ್ಟಲೆ ನಡೆಯುತ್ತದೆ. ಬಿಳಿ ತೊಗೊಂಡರೆ ಟ್ಯಾಕ್ಸಿ ಅಂದುಕೊಳ್ಳುತ್ತಾರೆ, ಕಪ್ಪು ಶನಿಯ ಬಣ್ಣ, ಕೆಂಪು ಈ ವಯಸ್ಸಿಗೆ ಒಪ್ಪುವುದಿಲ್ಲ, ಬೂದು ಬಣ್ಣವಾದರೆ ಧೂಳು ಕಾಣುವುದಿಲ್ಲ. ಊರಿನಿಂದ ಅಮ್ಮ ಫೋನಿನಲ್ಲಿ ಒಂದು ಬಣ್ಣ ಹೇಳುತ್ತಾಳೆ, ಪಕ್ಕದ ಫ್ಲ್ಯಾಟಿನವರು ಕೇಳದಿದ್ದರೂ ಇನ್ನೊಂದು ಹೇಳುತ್ತಾರೆ. ಇಷ್ಟೆಲ್ಲ ಮುಗಿದು ಫಾರಂ ತುಂಬುವ ಹೊತ್ತಿಗೆ ಷೋರೂಮಿನ ಹುಡುಗ ತಲೆ ಎತ್ತದೆಯೇ ಕೇಳುತ್ತಾನೆ: ‘ಇಂಟೀರಿಯರ್ ಬೇಜಾ, ಬ್ಲ್ಯಾಕಾ ಸರ್?’ ಅದಕ್ಕೆ ಉತ್ತರ ಒಂದೇ ನಿಮಿಷದಲ್ಲಿ ಸಿಕ್ಕಿಬಿಡುತ್ತದೆ. ಎಷ್ಟೋ ಸಲ ಆ ಪ್ರಶ್ನೆಯೇ ಬರುವುದಿಲ್ಲ.

ಇದು ನಮಗೆ ವಿಚಿತ್ರ ಅನ್ನಿಸಬೇಕಿತ್ತು. ಕಾರಿನ ಹೊರಗಿನ ಬಣ್ಣವನ್ನು ಅದರ ಮಾಲೀಕ ನೋಡುವುದು ಪಾರ್ಕಿಂಗಿಗೆ ನಡೆದುಹೋಗುವ ಆ ಎರಡು ನಿಮಿಷ. ಮಿಕ್ಕ ಹೊತ್ತೆಲ್ಲ ಅದನ್ನು ನೋಡುವವರು ಬೇರೆಯವರು. ಒಳಗಿನ ಬಣ್ಣದ ಜೊತೆಗಾದರೋ ದಿನಕ್ಕೆ ಎರಡು-ಮೂರು ತಾಸಿನ ಸಂಸಾರ. ಹಿಂಜವಡಿಗೆ ಹೋಗಿಬರುವವರಿಗೆ, ಮುಂಬಯಿಯ ವೆಸ್ಟರ್ನ್ ಎಕ್ಸ್‌ಪ್ರೆಸ್ ಹೈವೇ ಮೇಲೆ ತೆವಳುವವರಿಗೆ, ದಿಲ್ಲಿ-ಗುರುಗ್ರಾಮದ ನಡುವೆ ಆಯುಷ್ಯ ಕಳೆಯುತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎರಡು ಕೋಣೆಯ ಮನೆಗಳಲ್ಲಿರುವ ನಮ್ಮಂಥ ಅನೇಕರಿಗೆ ಕಾರು ಮೂರನೆಯ ಕೋಣೆ. ಊರಿಗೆ ಫೋನ್ ಮಾಡಿ ಗಂಟಲು ಬಿಚ್ಚಿ ಕನ್ನಡ ಮಾತಾಡುವುದು ಅಲ್ಲಿಂದ. ಆಫೀಸಿನ ಸಿಟ್ಟನ್ನು ಮನೆಯೊಳಗೆ ತರಬಾರದೆಂದು ಬೇಸ್‌ಮೆಂಟಿನಲ್ಲಿ ಐದು ನಿಮಿಷ ಸುಮ್ಮನೆ ಕೂರುವುದೂ ಅಲ್ಲೇ. ಆ ಕೋಣೆಯ ಗೋಡೆಗೆ ಯಾವ ಬಣ್ಣ ಎಂದು ಕೇಳಿದರೆ ‘ಯಾವುದಾದರೂ ನಡೀತದೆ’ ಎನ್ನುತ್ತೇವೆ.

ನಡೆಯುತ್ತದೆ, ನಿಜ. ಆದರೆ ಆ ‘ಯಾವುದಾದರೂ’ ನಮ್ಮನ್ನು ಎಲ್ಲಿಗೆ ನಡೆಸುತ್ತದೆ ಎಂಬುದರ ಬಗ್ಗೆ ಸ್ವಲ್ಪ ಯೋಚಿಸಬೇಕು ಎಂದು ಈಚೆಗೆ ನನಗೆ ಅನ್ನಿಸತೊಡಗಿದೆ.

ಮೊದಲಿಗೆ ಆಯ್ಕೆಯ ಮಾತು. ನಮ್ಮ ದೇಶದ ಸಾಮಾನ್ಯ ಬೆಲೆಯ ಕಾರುಗಳಲ್ಲಿ ಒಳಬಣ್ಣ ಬಹುತೇಕ ಮಾಡೆಲ್ಲಿನ ಜೊತೆಗೇ ಗಂಟುಬಿದ್ದು ಬರುತ್ತದೆ. ಮಾರುತಿಯ ಸ್ವಿಫ್ಟ್ ಮತ್ತು ಡಿಜೈರ್ ಒಂದೇ ಬಳ್ಳಿಯ ಕಾಯಿಗಳು. ಆದರೂ ಸ್ವಿಫ್ಟಿನ ಒಳಗೆಲ್ಲ ಕಪ್ಪು, ಡಿಜೈರಿನ ಒಳಗೆ ಕಪ್ಪು-ಬೇಜ್. ಡಿಕ್ಕಿ ಇಲ್ಲದ್ದು ಹುಡುಗರ ಗಾಡಿ, ಅವರಿಗೆ ಕಪ್ಪು. ಡಿಕ್ಕಿ ಇದ್ದದ್ದು ಸಂಸಾರಸ್ಥರ ಗಾಡಿ, ಅವರಿಗೆ ತಿಳಿಬಣ್ಣ. ತಿಳಿಬಣ್ಣವಿದ್ದರೆ ಒಳಗೆ ಜಾಗ ಹೆಚ್ಚಿದ್ದಂತೆ ಕಾಣುತ್ತದೆ. ಹೀಗೆ ಯಾರೋ ನಮ್ಮ ವಯಸ್ಸು, ಸಂಸಾರ, ಸಂಬಳ ಎಲ್ಲವನ್ನೂ ಲೆಕ್ಕ ಹಾಕಿ ನಮಗೊಂದು ಬಣ್ಣ ತೆಗೆದಿಟ್ಟಿರುತ್ತಾರೆ. ಆಮೇಲೆ 2019ರಲ್ಲಿ ಟಾಟಾದವರು ಹ್ಯಾರಿಯರ್‌ಗೆ ‘ಡಾರ್ಕ್ ಎಡಿಷನ್’ ಎಂದು ಒಳಗೂ ಹೊರಗೂ ಕಪ್ಪು ಬಳಿದು ತಂದರು. ಶನಿಯ ಬಣ್ಣವೆಂದು ಹೆದರುತ್ತಿದ್ದ ದೇಶದಲ್ಲಿ ಅದಕ್ಕೆ ಗಿರಾಕಿಗಳೂ ಸಿಕ್ಕರು. ರುಚಿಯ ವಿಷಯದಲ್ಲಿ ವಾದ ಬೇಡ ಎನ್ನುತ್ತಾರೆ. ಆದರೆ ಆ ರುಚಿ ನಮ್ಮದೇ ಹೌದೋ ಅಲ್ಲವೋ ಎಂಬ ವಾದವಾದರೂ ಇರಲಿ.

ಬಣ್ಣಕ್ಕೆ ತನ್ನದೇ ಆದ ವಿಜ್ಞಾನವೂ ಇದೆ, ಅದನ್ನು ಬೇಗ ಹೇಳಿ ಮುಗಿಸುತ್ತೇನೆ. ಒಳಗೆಲ್ಲ ಬೇಜ್ ಎಂದು ಹೇಳಿ ಮಾರುವ ಕಾರಿನಲ್ಲೂ ಡ್ಯಾಶ್‌ಬೋರ್ಡಿನ ಮೇಲ್ಭಾಗ ಹೆಚ್ಚಾಗಿ ಕಪ್ಪೋ ಗಾಢ ಬೂದೋ ಆಗಿರುತ್ತದೆ, ನೋಡಿ. ಅಲ್ಲಿ ತಿಳಿಬಣ್ಣವಿದ್ದರೆ ಬಿಸಿಲಿನಲ್ಲಿ ಅದರ ನೆರಳು ಮುಂದಿನ ಗಾಜಿನಲ್ಲಿ ಮೂಡಿ ರಸ್ತೆಯೇ ಮಸುಕಾಗುತ್ತದೆ. ಇನ್ನು ಸೆಖೆ. ಕಪ್ಪು ಬಣ್ಣ ಬಿಸಿಲನ್ನು ಹೆಚ್ಚು ಕುಡಿಯುತ್ತದೆ. ಅಮೆರಿಕದ ಅರಿಜೋನಾದಲ್ಲಿ ಸಂಶೋಧಕರು ಬೇಸಿಗೆಯ ಬಿಸಿಲಲ್ಲಿ ಒಂದು ತಾಸು ನಿಲ್ಲಿಸಿದ ಕಾರುಗಳನ್ನು ಅಳೆದು 2018ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಡ್ಯಾಶ್‌ಬೋರ್ಡು ಸರಾಸರಿ 69 ಡಿಗ್ರಿ, ಸ್ಟೇರಿಂಗು 53 ಡಿಗ್ರಿ, ಸೀಟು 51 ಡಿಗ್ರಿ ಸೆಲ್ಸಿಯಸ್ ಮುಟ್ಟಿದ್ದವು. ರಾಯಚೂರು, ಕಲಬುರಗಿಯವರಿಗೆ ಇದನ್ನು ತಿಳಿಯಲು ಸಂಶೋಧನೆ ಬೇಕಾಗಿಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ಕಪ್ಪು ರೆಕ್ಸಿನ್ ಸೀಟಿನ ಮೇಲೆ ಕೂತು ತಟ್ಟನೆ ಎದ್ದವರಿಗೆಲ್ಲ ಗೊತ್ತು.

ಇಲ್ಲಿಯವರೆಗಿನದೆಲ್ಲ ಅನುಕೂಲದ ಮಾತು. ಅನುಕೂಲವೇ ಎಲ್ಲವೂ ಆಗಿದ್ದರೆ ನಾವೆಲ್ಲ ತಿಳಿಬಣ್ಣ ತೊಗೊಂಡು ಸುಮ್ಮನಿರುತ್ತಿದ್ದೆವು. ಹಾಗಾಗುವುದಿಲ್ಲ, ಯಾಕೆಂದರೆ ಕೊಳೆ ಎಂಬುದೊಂದಿದೆ.

ಈ ತಿಳಿಬಣ್ಣಕ್ಕೆ ಊರೂರಿಗೊಂದು ಹೆಸರು. ಚೆನ್ನೈಯಲ್ಲಿರುವ ನನ್ನ ತಂಗಿ ಅದನ್ನು ‘ಸ್ಯಾಂಡಲ್ ಕಲರ್’ ಎನ್ನುತ್ತಾಳೆ, ಅಲ್ಲಿ ಎಲ್ಲರೂ ಹಾಗೇ ಅನ್ನುವುದು. ನಮ್ಮ ಕಡೆ ‘ಬಿಸ್ಕೀಟ್ ಕಲರ್’. ಗಂಧ ಎಂದರೆ ದೇವರ ಕೋಣೆಯ ನೆನಪು, ಬಿಸ್ಕೀಟು ಎಂದರೆ ಚಹಾದ್ದು. ಹೆಸರು ಯಾವುದೇ ಇರಲಿ, ಅದರ ಬಗ್ಗೆ ಎಲ್ಲರೂ ಹೇಳುವ ಮೊದಲ ಮಾತು ಒಂದೇ: ‘ಚಂದ ಇದೆ, ಆದರೆ ಬೇಗ ಹೊಲಸಾಗ್ತದೆ.’ ನಿಜಕ್ಕೂ ನೋಡಿದರೆ ಕಪ್ಪು ಸೀಟೂ ಅಷ್ಟೇ ಬೇಗ ಹೊಲಸಾಗುತ್ತದೆ. ಬೆವರು, ಧೂಳು, ಚಿಪ್ಸಿನ ಎಣ್ಣೆಗೆ ಬಣ್ಣಭೇದವಿಲ್ಲ. ಕಪ್ಪಿನ ಮೇಲೆ ಅದು ಕಾಣುವುದಿಲ್ಲ, ಅಷ್ಟೆ. ಆದ್ದರಿಂದ ನಾವು ಷೋರೂಮಿನಲ್ಲಿ ಬಣ್ಣ ಆರಿಸುವಾಗ ನಿಜವಾಗಿ ಆರಿಸುತ್ತಿರುವುದು, ನಮ್ಮ ಕೊಳೆ ನಮಗೆ ಕಾಣಬೇಕೋ ಬೇಡವೋ ಎಂಬುದನ್ನು. ನಮಗೆ ಮಾತ್ರ ಅಲ್ಲ. 2012ರಲ್ಲಿ ಸುಪ್ರೀಂ ಕೋರ್ಟು ಕಾರಿನ ಗಾಜುಗಳಿಗೆ ಕಪ್ಪು ಫಿಲ್ಮು ಅಂಟಿಸುವುದನ್ನು ನಿಷೇಧಿಸಿದಾಗಿನಿಂದ ಸಿಗ್ನಲ್ಲಿನಲ್ಲಿ ಪಕ್ಕ ನಿಂತ ಬೈಕಿನವನಿಗೂ ನಮ್ಮ ಒಳಕೋಣೆ ಕಾಣುತ್ತದೆ.

ಇಷ್ಟಕ್ಕೆ ನಿಲ್ಲಿಸಿದರೆ ಉತ್ತರ ಸುಲಭ: ಕಾಣುವ ಬಣ್ಣವೇ ಪ್ರಾಮಾಣಿಕ, ಮುಚ್ಚಿಡುವ ಬಣ್ಣ ಕಪಟಿ. ಒಬ್ಬ ಗೆಳೆಯರು ನನ್ನೆದುರು ಇದೇ ವಾದ ಮಂಡಿಸಿದ್ದರು. ಬಿಳಿ ಸೀಟು ತನ್ನ ಒಡೆಯನನ್ನು ಶಿಸ್ತಿನಲ್ಲಿಡುತ್ತದೆ, ಬಿಳಿ ಅಂಗಿಯ ಹಾಗೆ ಎಂದು. ವಾದ ಚೆನ್ನಾಗಿತ್ತು. ಆದರೆ ಕೊಳೆ ಎಂದರೇನು ಎಂಬ ಪ್ರಶ್ನೆಯನ್ನು ಅದು ದಾಟಿಕೊಂಡು ಹೋಗುತ್ತದೆ.

ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಬರೆದ ‘ಪ್ಯೂರಿಟಿ ಅಂಡ್ ಡೇಂಜರ್’ ಪುಸ್ತಕದ ಮುಖ್ಯ ವಿಚಾರವೊಂದಿದೆ: ಕೊಳೆ ಎನ್ನುವುದು ವಸ್ತುವಿನಲ್ಲಿರುವ ಗುಣವಲ್ಲ, ತನ್ನ ಜಾಗ ಬಿಟ್ಟು ಬೇರೆ ಕಡೆ ಬಂದ ವಸ್ತುವನ್ನು ನಾವು ಕೊಳೆ ಎನ್ನುತ್ತೇವೆ. ಮಡಿ-ಮೈಲಿಗೆಯ ನಾಡಿನಿಂದ ಬಂದ ನಮಗೆ ಇದು ಬೇಗ ಅರ್ಥವಾಗುತ್ತದೆ, ಸ್ವಲ್ಪ ಮುಜುಗರವನ್ನೂ ತರುತ್ತದೆ. ಅನ್ನ ತಟ್ಟೆಯಲ್ಲಿದ್ದರೆ ಅನ್ನ, ನೆಲಕ್ಕೆ ಬಿದ್ದರೆ ಮುಸುರೆ. ಹೊಲದಲ್ಲಿದ್ದರೆ ಮಣ್ಣು, ಸೀಟಿನ ಮೇಲಿದ್ದರೆ ಹೊಲಸು. ಇನ್ನೊಂದು ದಿಕ್ಕಿನಿಂದ ಜಪಾನಿನ ತಾನಿಜಾಕಿ 1933ರಲ್ಲಿ ನೆರಳನ್ನು ಹೊಗಳಿ ಬರೆದ ಪ್ರಬಂಧದಲ್ಲಿ, ಎಷ್ಟೋ ಕೈಗಳು ಮುಟ್ಟಿ ಮುಟ್ಟಿ ವಸ್ತುಗಳಿಗೆ ಬರುವ ಮಂದ ಹೊಳಪನ್ನು ಮೆಚ್ಚುತ್ತಾನೆ. ಅದು ನಿಜವಾಗಿ ಕೈಯ ಕೊಳೆಯೇ ಎಂದೂ ಅವನೇ ಒಪ್ಪಿಕೊಳ್ಳುತ್ತಾನೆ. ನಮ್ಮಜ್ಜಿಯ ಮನೆಯ ಬಾಗಿಲ ಚೌಕಟ್ಟು, ಅಡಕತ್ತರಿಯ ಹಿಡಿ, ಒನಕೆ, ಇವುಗಳ ಹೊಳಪು ಅಂಥದ್ದೇ. ಕಾರಿನ ಸ್ಟೇರಿಂಗಿಗೂ ಐದಾರು ವರ್ಷಕ್ಕೆ ಅದು ಬರುತ್ತದೆ, ಆದರೆ ಅದನ್ನು ಮೆಚ್ಚುವವರು ಯಾರೂ ಇಲ್ಲ; ಡೀಟೇಲಿಂಗ್ ಅಂಗಡಿಗೆ ಕೊಟ್ಟು ತೆಗೆಸುತ್ತಾರೆ.

ನಾನು ಹೇಳಬೇಕಾದ ಮುಖ್ಯ ಸಂಗತಿ ಮಾತ್ರ ಈ ಇಬ್ಬರು ದೊಡ್ಡವರಿಂದ ತಿಳಿದದ್ದಲ್ಲ, ಒಂದು ಬಟ್ಟೆಯಿಂದ ತಿಳಿದದ್ದು.

ಬಿಳಿ ಟರ್ಕಿ ಟವೆಲ್ಲು ಹೊದಿಸಿದ ಸರ್ಕಾರಿ ಕಾರನ್ನು ನೀವೆಲ್ಲ ನೋಡಿದ್ದೀರಿ. ಅಂಬಾಸಿಡರ್ ಕಾಲದಲ್ಲಿ ಹಿಂದಿನ ಸೀಟಿಗೆ, ಕಚೇರಿಯಲ್ಲಿ ಸಾಹೇಬರ ಕುರ್ಚಿಗೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು, ಟವೆಲ್ಲು ನಿಲ್ಲಲಿಲ್ಲ. ದಿಲ್ಲಿಯ ಲುಟ್ಯೆನ್ಸ್ ಬಡಾವಣೆಯಲ್ಲಿ ಬೆಳಗ್ಗೆ ಹತ್ತಕ್ಕೆ ನಿಂತರೆ ಈಗಲೂ ಹೊಸ ಕಾರುಗಳಲ್ಲಿ ಅದು ಕಾಣಿಸುತ್ತದೆ. ಬೆವರು ಹೀರಲಿ ಎಂದು ಯಾವಾಗಲೋ ಬಂದಿರಬಹುದು. ಏಸಿ ಬಂದ ಮೇಲೆ ಆ ಕಾರಣ ಉಳಿದಿಲ್ಲ. ಉಳಿದದ್ದು ಅದರ ಬಿಳುಪು. ಈ ಬಿಳಿಯನ್ನು ದಿನವೂ ಒಗೆಯಲು ನನ್ನ ಹತ್ತಿರ ಒಬ್ಬನಿದ್ದಾನೆ ಎಂದು ಆ ಟವೆಲ್ಲು ಸಾರುತ್ತದೆ. ಇದೇ ಸೀಟಿನಲ್ಲಿ ನನ್ನ ಮೊದಲು ಯಾರೋ ಕೂತಿರಬಹುದು, ಅವರ ಮೈಗೂ ನನ್ನ ಮೈಗೂ ನಡುವೆ ಒಂದು ಬಟ್ಟೆ ಇರಲಿ ಎಂದೂ ಹೇಳುತ್ತದೆ. ಸಾಹೇಬರನ್ನು ಸೀಟಿನಿಂದ ಕಾಪಾಡುವ ಬಟ್ಟೆ ಅದು.

ಇನ್ನೊಂದು ಬಟ್ಟೆಯನ್ನು ನಾನು ನೋಡಿದ್ದು ನವಲಗುಂದದ ಹತ್ತಿರ ನಮ್ಮೂರಿನಲ್ಲಿ. ಕಳೆದ ಅಕ್ಟೋಬರಿನಲ್ಲಿ ಪುಣೆಯಿಂದ ಗೆಳೆಯರೊಬ್ಬರ ಹೊಸ ಗಾಡಿಯಲ್ಲಿ ಊರಿಗೆ ಹೋಗಿದ್ದೆವು. ಅವರು ಮಂಗಳೂರಿನ ಕಡೆಯವರು, ಹುಬ್ಬಳ್ಳಿಯಲ್ಲಿ ಮದುವೆಯೊಂದಿತ್ತು. ಗಾಡಿಯ ಸೀಟುಗಳು ಹಾಲಿನ ಕೆನೆಯಂಥ ಬಿಳಿ. ಚರ್ಮ ಎಂದು ಹೇಳುತ್ತಾರೆ. ಈ ಬೆಲೆಯ ಗಾಡಿಗಳಲ್ಲಿ ಅದು ಬಹುತೇಕ ಕೃತಕ ಚರ್ಮವೇ, ಆ ಮಾತು ಬೇರೆ. ನಮ್ಮ ಸೋದರಮಾವನಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹುಬ್ಬಳ್ಳಿಗೆ ಹೋಗುವವರಿದ್ದೇವೆ, ಕಣ್ಣು ತೋರಿಸಿಕೊಂಡು ಬರೋಣ ಬಾ ಎಂದು ಕರೆದೆ. ಹಿಂಗಾರಿ ಕಡಲೆ ಬಿತ್ತುವ ಕಾಲ. ಎರಡು ದಿನದ ಹಿಂದೆ ಮಳೆ ಬಿದ್ದಿತ್ತು. ಎರಿ ಮಣ್ಣು ಒದ್ದೆಯಾದರೆ ಹೇಗೆ ಅಂಟುತ್ತದೆ ಎಂದು ಆ ಕಡೆಯವರಿಗೆ ಗೊತ್ತು. ಚಪ್ಪಲಿಯ ತೂಕ ನಾಲ್ಕು ಪಟ್ಟಾಗುತ್ತದೆ. ಮಾವ ಹೊಲದಿಂದ ನೇರ ಬಂದ. ಬಾನಿಯ ಹತ್ತಿರ ಕಾಲು ತೊಳೆದ, ಧೋತರ ಜಾಡಿಸಿದ, ಕಾರಿನ ಬಾಗಿಲು ತೆರೆದು ಒಳಗೆ ನೋಡಿದ. ನೋಡಿ ಹಾಗೇ ನಿಂತ. ಆಮೇಲೆ ಹೆಗಲ ಮೇಲಿನ ವಲ್ಲಿ ತೆಗೆದು, ನಾಲ್ಕು ಮಡಿಕೆ ಮಾಡಿ, ಸೀಟಿನ ತುದಿಗೆ ಹಾಸಿ ಅದರ ಮೇಲೆ ಕೂತ.

‘ಅಂಕಲ್, ಪರವಾಗಿಲ್ಲ, ಆರಾಮವಾಗಿ ಕೂತ್ಕೊಳ್ಳಿ’ ಎಂದರು ಗೆಳೆಯರು. ಮನಸ್ಸಿನಿಂದಲೇ ಹೇಳಿದರು, ಅವರು ಅಂಥವರು.

‘ಇರ್ಲಿ ಬಿಡ್ರಿ ಸಾಹೇಬ್ರ. ಬೆಳ್ಳನ್ನ ಗಾದಿ ಐತಿ’ ಎಂದ ಮಾವ.

ಪೊರೆ ಬಂದ ಕಣ್ಣಿಗೂ ಆ ಬಿಳಿ ಕಂಡಿತ್ತು. ಹುಬ್ಬಳ್ಳಿ ಬರುವವರೆಗೂ ಅವನು ಬೆನ್ನನ್ನು ಒರಗಿಸಲಿಲ್ಲ. ಕಾಲನ್ನು ಒಳಗೆ ಮಡಿಚಿಕೊಂಡು, ಮುಂದಿನ ಸೀಟಿನ ಬೆನ್ನಿಗೂ ಕೈ ತಾಗದಂತೆ ಕೈಕಟ್ಟಿಕೊಂಡು, ಬಸ್ಸಿನಲ್ಲಿ ನಿಂತು ಹೋಗುವವನಿಗಿಂತ ಹೆಚ್ಚು ದಣಿವಿನಿಂದ ಕೂತಿದ್ದ. ಗೆಳೆಯರು ಎರಡು ಸಲ ಹೇಳಿದರು, ನಾನು ಮೂರು ಸಲ ಹೇಳಿದೆ. ಆದರೆ ನಾವಿಬ್ಬರೂ ಬಾಯಿ ತೆರೆಯುವ ಮೊದಲೇ ಸೀಟು ಮಾತಾಡಿ ಮುಗಿಸಿತ್ತು.

ಸಾಹೇಬರ ಟವೆಲ್ಲು ಸಾಹೇಬರನ್ನು ಸೀಟಿನಿಂದ ಕಾಪಾಡುತ್ತದೆ. ಮಾವನ ವಲ್ಲಿ ಸೀಟನ್ನು ಮಾವನಿಂದ ಕಾಪಾಡಿತು. ಎರಡೂ ಕಾರಿನ ಸೀಟಿಗೆ ಹಾಸಿದ ತುಂಡು ಬಟ್ಟೆಗಳೇ. ಇದನ್ನು ನೋಡಿದ ಮೇಲೆ ಒಳಬಣ್ಣದ ಪ್ರಶ್ನೆ ನನಗೆ ರುಚಿಯ ಪ್ರಶ್ನೆಯಾಗಿ ಉಳಿಯಲಿಲ್ಲ.

ಇನ್ನೊಂದು ಸಣ್ಣ ವಿವರ ಇದೆ. ಪುಣೆಗೆ ಮರಳಿದ ಮೇಲೆ ಗೆಳೆಯರು ಗಾಡಿಯ ಒಳಗನ್ನು ತೊಳೆಸಿದರು. ಹಿಂದಿನ ಸೀಟಿನ ಅಂಚಿಗೂ ಕೆಳಗಿನ ಮ್ಯಾಟಿಗೂ ಹತ್ತಿದ್ದ ನಮ್ಮೂರಿನ ಮಣ್ಣು ಒಣಗಿದ ಮೇಲೆ ಬ್ರಷ್ಷಿಗೇ ಉದುರಿಹೋಯಿತಂತೆ. ಹೋಗದೆ ಉಳಿದದ್ದು ಡ್ರೈವರ್ ಸೀಟಿನ ಮೇಲಿನ ನಸುನೀಲಿ ಕಲೆ. ಅದು ಅವರದೇ ಹೊಸ ಜೀನ್ಸಿನ ಬಣ್ಣ. ತಿಳಿಬಣ್ಣದ ಸೀಟಿಗೆ ಡೆನಿಮ್ಮಿನ ನೀಲಿ ಇಳಿದರೆ ಬಿಡಿಸುವುದು ಕಷ್ಟ ಎಂದು ಈ ಕೆಲಸದವರೆಲ್ಲ ಹೇಳುತ್ತಾರೆ. ಎರಿ ಹೊಲದವನು ಹೆದರಿಕೊಂಡು ತುದಿಯಲ್ಲಿ ಕೂತ, ಜೀನ್ಸಿನವನು ಹೆದರಲಿಲ್ಲ. ಕಲೆ ಯಾರದು ಉಳಿಯುತ್ತದೆ ಎಂಬುದಕ್ಕೂ ಯಾರು ಹೆದರುತ್ತಾರೆ ಎಂಬುದಕ್ಕೂ ಸಂಬಂಧವಿಲ್ಲ.

ತೊಳೆಸಿದರು ಎಂದೆ. ತೊಳೆದವರು ಬೇರೆಯವರು, ಅದನ್ನೂ ಹೇಳಬೇಕು. ನಮ್ಮ ಸೊಸೈಟಿಗಳಲ್ಲಿ ಬೆಳಗಿನ ಐದಕ್ಕೆ ಬಕೆಟ್ಟು ಹಿಡಿದು ಬರುವ ಹುಡುಗರಿದ್ದಾರಲ್ಲ, ಗಾಡಿಗೆ ತಿಂಗಳಿಗೆ ಕೆಲವು ನೂರು ರೂಪಾಯಿ ಪಡೆಯುವವರು. ಹೊರಗೆ ದಿನವೂ, ಒಳಗೆ ವಾರಕ್ಕೆ ಒಂದೆರಡು ಸಲ. ಕಪ್ಪು ಸೀಟಿನವರು ಅವನನ್ನು ಒಳಗಿನ ಕೆಲಸಕ್ಕೆ ಅಪರೂಪಕ್ಕೆ ಕರೆಯುತ್ತಾರೆ. ಬಿಳಿ ಸೀಟಿನವರು ಕಲೆ ತೋರಿಸಿ ‘ಇದು ಹಾಗೇ ಇದೆಯಲ್ಲ’ ಎಂದು ಕೇಳುತ್ತಾರೆ. ನಮ್ಮ ಆ ಒಂದು ನಿಮಿಷದ ಆಯ್ಕೆಯ ಬಾಕಿಯನ್ನು ಮುಂದಿನ ಏಳೆಂಟು ವರ್ಷ ತೀರಿಸುವುದು ಅವನ ರಟ್ಟೆ. ಬಿಳಿ ಸೀಟು ಒಡೆಯನನ್ನು ಶಿಸ್ತಿನಲ್ಲಿಡುತ್ತದೆ ಎಂದಿದ್ದರಲ್ಲ, ಶಿಸ್ತು ಯಾರದು ಎಂದು ಆಗಲೇ ಕೇಳಬೇಕಿತ್ತು.

ಹಾಗಾದರೆ ಎಲ್ಲರೂ ಕಪ್ಪು ತೊಗೊಳ್ಳಬೇಕೇ? ಇಲ್ಲಿಗೆ ಬಂದಾಗ ನನಗೆ ಅಡ್ಡ ನಿಲ್ಲುವವನೂ ಅದೇ ಮಾವ.

ಅಂದು ಸಂಜೆ ಊರಿಗೆ ಹಿಂತಿರುಗುವಾಗ, ಅಣ್ಣಿಗೇರಿ ದಾಟಿದ ಮೇಲಿರಬೇಕು, ಅವನು ಕೈಬಿಚ್ಚಿ ಪಕ್ಕದ ಸೀಟಿನ ಮೇಲೆ ಅಂಗೈಯ ಹಿಂಬದಿಯಿಂದ ಮೆಲ್ಲಗೆ ಸವರಿದ. ‘ಚಂದ ಐತಿ ನೋಡಳಿಯಾ. ಒಳಗ ಬೆಳಕ ಐತಿ’ ಎಂದ. ಹೊಗೆ ಹಿಡಿದ ಜಂತಿ, ಮಣ್ಣಿನ ಗೋಡೆ, ಒಂದೇ ಬೆಳಕಿಂಡಿಯ ಅಡುಗೆಮನೆಯಲ್ಲಿ ಬೆಳೆದವನ ಮಾತು ಅದು. ಬಿಳಿ ಅವನಿಗೆ ಬೇಡವಾದ ಬಣ್ಣವೇನಲ್ಲ. ಬಿಳಿಯ ಚಂದ ಅವನಿಗೆ ನನಗಿಂತ ಹೆಚ್ಚು ಕಂಡಿತ್ತು. ಮುಂಬಯಿಯ ಜುಲೈ ತಿಂಗಳಲ್ಲಿ, ವಾರಗಟ್ಟಲೆ ಸೂರ್ಯ ಕಾಣದಾಗ, ಕಪ್ಪು ಡಬ್ಬಿಯಂಥ ಕಾರಿನೊಳಗೆ ಕೂತವರಿಗೂ ಆ ಬೆಳಕಿನ ಬೆಲೆ ಗೊತ್ತಿರುತ್ತದೆ. ಊರಿನ ಮಂದಿ ಹತ್ತುತ್ತಾರೆ, ಕಪ್ಪೇ ಇರಲಿ ಎಂದು ನಾನು ತೀರ್ಮಾನಿಸಿದರೆ ಅದರಲ್ಲಿ ಔದಾರ್ಯ ಎಷ್ಟು, ಅವರು ಹೇಗೂ ಹೊಲಸು ಮಾಡುವವರೇ ಎಂಬ ನಿರ್ಧಾರ ಎಷ್ಟು? ಪರಸ್ಥಳದಲ್ಲಿರುವ ನಾವು ಊರಿನವರಿಗಾಗಿ ಮಾಡುವ ಅನೇಕ ಏರ್ಪಾಡುಗಳಲ್ಲಿ ಈ ಬೆರಕೆ ಇದೆ. ಅತಿಥಿಗಳಿಗೆ ಹಳೆಯ ಚಾದರ ತೆಗೆದಿಡುವುದು, ಸ್ಟೀಲಿನ ಲೋಟವನ್ನೇ ಕೊಡುವುದು. ‘ಅವರಿಗೆ ಅದೇ ಅನುಕೂಲ’ ಎನ್ನುತ್ತೇವೆ.

ಬಿಳಿ ಸೀಟಿನಲ್ಲಿ ತಪ್ಪಿಲ್ಲ. ತಪ್ಪು ಅದನ್ನು ಕಾಯುವುದರಲ್ಲಿದೆ. ಬಿಳಿ ಸೀಟು ಕೊಂಡು, ಅದರ ಮೇಲೆ ಮಣ್ಣು ಬಿದ್ದರೂ ಹುಬ್ಬು ಏರಿಸದೆ ಇರಬಲ್ಲವರಿಗೆ ಆ ಬಣ್ಣ ಸಲ್ಲುತ್ತದೆ. ಅಂಥವರು ಇರಬಹುದು. ಆದರೆ ದಿನಾ ನೋಡುವ ಬಣ್ಣ ಕಣ್ಣನ್ನು ಪಳಗಿಸುತ್ತದೆ. ಮೊದಲ ತಿಂಗಳು ಮಗುವಿನ ಶೂ ಕಡೆಗೆ ನೋಟ ಹೋಗುತ್ತದೆ. ಮೂರನೆಯ ತಿಂಗಳು ಹತ್ತುವವರೆಲ್ಲರ ಕಾಲಿನ ಕಡೆಗೆ. ಮನೆಗೆಲಸದವರಿಗೆ ಜ್ವರ ಬಂದು ಆಸ್ಪತ್ರೆಗೆ ಬಿಡಬೇಕಾದಾಗ ಹಿಂದಿನ ಸೀಟಿಗೆ ದಿನಪತ್ರಿಕೆ ಹಾಸಿದ ಮನೆಗಳು ನಮ್ಮ ಬಿಲ್ಡಿಂಗಿನಲ್ಲೇ ಇವೆ. ಅವರೆಲ್ಲ ಕೆಟ್ಟವರಲ್ಲ, ಆಸ್ಪತ್ರೆಗೆ ಕರೆದುಕೊಂಡು ಹೋದವರೂ ಅವರೇ. ಕಣ್ಣಿನ ಈ ಪಳಗುವಿಕೆಯನ್ನು ಗೆಲ್ಲುವ ಭರವಸೆ ನನಗಿಲ್ಲದ್ದರಿಂದ ನಾನು ಕಣ್ಣಿಗೆ ಕೆಲಸ ಕಡಿಮೆ ಕೊಡುವ ಬಣ್ಣದ ಕಡೆಗೇ ವಾಲುತ್ತೇನೆ.

ಇದೇ ಹೊತ್ತಿಗೆ ಇನ್ನೊಂದು ಬಗೆಯ ಕಾವಲಿನ ಬಗ್ಗೆ ಹೇಳದಿದ್ದರೆ ಆಗದು. ಹೊಸ ಕಾರಿನ ಸೀಟಿಗೆ ಕಾರ್ಖಾನೆಯವರು ಹಾಕಿ ಕಳಿಸಿದ ಪ್ಲಾಸ್ಟಿಕ್ಕನ್ನು ವರ್ಷಗಟ್ಟಲೆ ತೆಗೆಯದವರಿದ್ದಾರೆ. ಕೂತರೆ ಚರಪರ ಸದ್ದು, ಬೆನ್ನಿಗೆ ಬೆವರು. ಯಾಕೆ ಎಂದರೆ ರೀಸೇಲ್ ಎನ್ನುತ್ತಾರೆ. ಒಳಬಣ್ಣ ಆರಿಸುವಾಗಲೂ ಷೋರೂಮಿನ ಹುಡುಗ ಕೊನೆಯದಾಗಿ ಬಿಡುವ ಬಾಣ ಇದೇ: ‘ಈ ಕಲರಿಗೆ ರೀಸೇಲ್ ಚೆನ್ನಾಗಿದೆ ಸರ್.’ ಎಂಟು ವರ್ಷದ ನಂತರ ಬರಲಿರುವ, ಮುಖ ಗೊತ್ತಿಲ್ಲದ ಒಬ್ಬ ಗಿರಾಕಿಯ ಮೆಚ್ಚುಗೆಗಾಗಿ ಇಂದು ನಮ್ಮ ಮಕ್ಕಳು ಪ್ಲಾಸ್ಟಿಕ್ಕಿನ ಮೇಲೆ ಕೂರುತ್ತಾರೆ. ಹಣದ ಲೆಕ್ಕವನ್ನು ನಾನು ಹಗುರ ಮಾಡುತ್ತಿಲ್ಲ. ಕಾರಿನ ಸಾಲದ ಕಂತು ನನಗೂ ಗೊತ್ತು. ಆದರೆ ಈ ಗುಣ ಬರೀ ಹಣದ್ದಲ್ಲ, ಬಾಡಿಗೆ ಮನೆಗಳದ್ದು ಎಂದು ನನ್ನ ಅನುಮಾನ. ಗೋಡೆಗೆ ಮೊಳೆ ಹೊಡೆಯಬೇಡಿ, ಬಿಡುವಾಗ ಬಣ್ಣಕ್ಕೆಂದು ಡಿಪಾಸಿಟ್ಟಿನಲ್ಲಿ ಮುರಿದುಕೊಳ್ಳುತ್ತೇವೆ. ಹತ್ತು-ಹದಿನೈದು ವರ್ಷ ಇಂಥ ಕರಾರುಗಳಿಗೆ ಸಹಿ ಹಾಕಿದವರಿಗೆ ಬೇರೆಯವರ ಬಣ್ಣದೊಳಗೆ ಕಲೆ ಮಾಡದೆ ಬದುಕುವುದು ಅಭ್ಯಾಸವಾಗಿಬಿಡುತ್ತದೆ. ಕೊನೆಗೆ ಒಳಗನ್ನು ನಾವೇ ಆರಿಸಬಹುದಾದ ಒಂದು ಸಣ್ಣ ಕೋಣೆ ಸಿಕ್ಕಾಗಲೂ ಮುಂದಿನ ಬಾಡಿಗೆದಾರನನ್ನು ಕೇಳಿ ಬಣ್ಣ ಹಚ್ಚುತ್ತೇವೆ.

ಇದಕ್ಕೆ ಪೂರಾ ವಿರುದ್ಧವಾಗಿ ಬದುಕಿದವರೆಂದರೆ ಮುಂಬಯಿಯ ಪದ್ಮಿನಿ ಟ್ಯಾಕ್ಸಿಗಳ ಡ್ರೈವರುಗಳು. ಟ್ಯಾಕ್ಸಿಯ ಹೊರಬಣ್ಣ ಅವರ ಕೈಯಲ್ಲಿರಲಿಲ್ಲ. ಕಪ್ಪು ಮೈ, ಹಳದಿ ತಲೆ, ಅದು ಸರ್ಕಾರದ ನಿಯಮ. ಒಳಗು ಮಾತ್ರ ಪೂರ್ತಿ ಅವರದು. ಗುಲಾಬಿ ಹೂಗಳ ಪ್ರಿಂಟಿನ ಚಾವಣಿ, ಹಸಿರು-ಕೆಂಪಿನ ರೆಕ್ಸಿನ್, ನವಿಲು, ಬಳ್ಳಿ, ಮಧ್ಯದಲ್ಲೊಂದು ಗಣಪತಿಯೋ ಕಾಬಾದ ಚಿತ್ರವೋ. 2015ರಲ್ಲಿ ‘ಟ್ಯಾಕ್ಸಿ ಫ್ಯಾಬ್ರಿಕ್’ ಎಂಬ ಹೆಸರಿನಲ್ಲಿ ಎಳೆಯ ವಿನ್ಯಾಸಕಾರರು ಇದೇ ಟ್ಯಾಕ್ಸಿಗಳ ಸೀಟಿಗೂ ಚಾವಣಿಗೂ ಹೊಸ ಬಟ್ಟೆಗಳನ್ನು ಬಿಡಿಸಿಕೊಟ್ಟಾಗ ಲೋಕದ ಕಣ್ಣು ಅತ್ತ ತಿರುಗಿತು, ಆದರೆ ಡ್ರೈವರುಗಳು ಅದನ್ನು ಮೊದಲಿನಿಂದಲೂ ಮಾಡುತ್ತಲೇ ಬಂದಿದ್ದರು. ತಾರದೇವ್ ಆರ್‌ಟಿಓದಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರ್ ಕೊನೆಗೆ ಅವು ರಸ್ತೆಯಿಂದ ಹೋದವು. ಬಂದ ಹೊಸ ಗಾಡಿಗಳ ಒಳಗೆ ಬೇಜ್ ಅಥವಾ ಬೂದು.

ಆ ಪ್ರಿಂಟುಗಳ ಗುಣವನ್ನು ನಾನು ಆಮೇಲೆ ಯೋಚಿಸಿ ತಿಳಿದುಕೊಂಡೆ. ಅವು ಕೊಳೆಯನ್ನು ಎತ್ತಿ ತೋರಿಸುತ್ತಿರಲಿಲ್ಲ, ಮುಚ್ಚಿಡುತ್ತಲೂ ಇರಲಿಲ್ಲ. ಒಂದು ಕಲೆ ಬಿದ್ದರೆ ಅದೂ ಹೂವಿನ ಪಕ್ಕ ಇನ್ನೊಂದು ಎಲೆಯಾಗುತ್ತಿತ್ತು. ಮೀನಿನ ಬುಟ್ಟಿ ಹಿಡಿದವಳೂ ಸೂಟು ಹಾಕಿದವನೂ ಅದೇ ಸೀಟಿನ ಮೇಲೆ ಯೋಚನೆ ಮಾಡದೆ ಕೂತಿದ್ದಾರೆ. ನಮ್ಮ ಕಡೆಯ ಕೌದಿಗೂ ಇದೇ ಗುಣ. ಹಳೆಯ ಇಳಕಲ್ ಸೀರೆ, ಅಂಗಿ, ಚಾದರದ ತುಂಡುಗಳನ್ನು ಸೇರಿಸಿ ಹೊಲಿದ ಕೌದಿಯ ಮೇಲೆ ಯಾರು ಕೂರಬಹುದು, ಯಾರು ಕೂರಬಾರದು ಎಂದು ಯಾರೂ ಕೇಳುವುದಿಲ್ಲ. ಒಂದು ಕೌದಿಯನ್ನೇ ಕಾರಿನ ಸೀಟಿಗೆ ಹೊಲಿಸಿಬಿಡೋಣ ಎಂದು ಉತ್ಸಾಹದಲ್ಲಿ ಮನೆಯಲ್ಲಿ ಹೇಳಿದೆ. ಮಗಳು ಕಾರಿನ ಕೈಪಿಡಿ ತಂದು ತೋರಿಸಿದಳು. ಸೀಟಿನ ಪಕ್ಕೆಯೊಳಗೆ ಏರ್‌ಬ್ಯಾಗು ಇರುವ ಗಾಡಿಗಳಿಗೆ ಅದಕ್ಕೆಂದೇ ಹೊಲಿದ ಕವರನ್ನೇ ಹಾಕಬೇಕು, ದಪ್ಪ ಬಟ್ಟೆ ಬಿಗಿದರೆ ಏರ್‌ಬ್ಯಾಗು ಸರಿಯಾಗಿ ಬಿಚ್ಚಿಕೊಳ್ಳುವುದಿಲ್ಲ. ಜಾನಪದ ಪ್ರೇಮ ಅಲ್ಲಿಗೆ ನಿಂತಿತು.

ಕೊನೆಗೆ ಹೋದದ್ದು ಸೀಟ್ ಕವರ್ ಅಂಗಡಿಗೆ. ಬೆಂಗಳೂರಿನ ಜೆ.ಸಿ. ರಸ್ತೆ, ಚೆನ್ನೈಯ ಜನರಲ್ ಪ್ಯಾಟರ್ಸ್ ರಸ್ತೆ, ದಿಲ್ಲಿಯ ಕರೋಲ್ ಬಾಗ್ ಇರುವ ಹಾಗೆ ಎಲ್ಲ ಊರುಗಳಲ್ಲೂ ಇಂಥ ಅಂಗಡಿಗಳ ಸಾಲಿರುತ್ತದೆ. ಅಂಗಡಿಯವರು ವಯಸ್ಸಾದ ಬೋಹ್ರಾ ಸಾಹೇಬರು, ಮೂಗಿನ ತುದಿಗೆ ಕನ್ನಡಕ. ಯಾವ ಬಣ್ಣ ಬೇಕು ಎಂದು ಕೇಳುತ್ತಾರೆಂದು ನಾನು ಸಿದ್ಧನಾಗಿ ಹೋಗಿದ್ದೆ. ಅವರು ಗಾಡಿಯ ಮಾಡೆಲ್ಲು ಕೇಳಿ ಬರೆದುಕೊಂಡು, ‘ಗಾಡಿಯಲ್ಲಿ ಯಾರು ಯಾರು ಕೂರುತ್ತಾರೆ?’ ಎಂದರು.

ಹೇಳಿದೆ. ಹೆಂಡತಿ, ಮಗಳು, ಅವಳ ಬ್ಯಾಡ್ಮಿಂಟನ್ ಗೆಳತಿಯರು. ಶನಿವಾರ ತರಕಾರಿ ಚೀಲಗಳು. ವರ್ಷಕ್ಕೆ ಎರಡು ಸಲ ಊರು. ಬರುವಾಗ ಕಡಲೆ, 50 ಕೆ.ಜಿ. ಜೋಳದ ಚೀಲ, ಉಪ್ಪಿನಕಾಯಿ ಭರಣಿ. ಊರಿನ ಮಂದಿ.

‘ಮುದುಕರು?’

‘ಒಬ್ಬರು. ಹೊಲದಿಂದ ನೇರ ಬರುತ್ತಾರೆ.’

ಅವರು ಎದುರಿಗೆ ಹರಡಿದ್ದ ಮಾದರಿಗಳಿಂದ ಬಿಳಿಯ ಕಂತೆಯನ್ನೂ ಅಪ್ಪಟ ಕಪ್ಪಿನ ಕಂತೆಯನ್ನೂ ಎತ್ತಿ ಬದಿಗಿಟ್ಟರು. ಉಳಿದದ್ದರಲ್ಲಿ ಮೂರನ್ನು ತೆಗೆದು ಬಾಗಿಲ ಬೆಳಕಿಗೆ ಹಿಡಿದು, ಜಾರುವ ರೆಕ್ಸಿನ್ ಬೇಡ, ವಯಸ್ಸಾದವರಿಗೆ ಹತ್ತಿ ಇಳಿಯಲು ತೊಂದರೆ, ನೇಯ್ದ ಬಟ್ಟೆ ತೊಗೊಳ್ಳಿ ಎಂದರು. ಮಗಳು ಆರಿಸಿದ್ದು ಒಣಗಿದ ಜೋಳದ ದಂಟಿನಂಥ ಬಣ್ಣ, ಅದರಲ್ಲಿ ಅಲ್ಲಲ್ಲಿ ಇಟ್ಟಿಗೆ ಕೆಂಪಿನ ಎಳೆ. ನನಗೆ ಅದು ತೀರ ಇಷ್ಟವಾಯಿತು ಎಂದೇನಿಲ್ಲ. ಹೊಲಿಯಲು ಒಂದು ವಾರ ತೆಗೆದುಕೊಂಡರು.

ಮಾವ ಇನ್ನೂ ಅದರ ಮೇಲೆ ಕೂತಿಲ್ಲ. ಎಡಗಣ್ಣಿನ ಆಪರೇಷನ್ ಆಗಿದೆ. ಬಲಗಣ್ಣಿನದು ಕಡಲೆ ಕಿತ್ತು, ರಾಶಿ ಮಾಡಿದ ಮೇಲೆಯೇ ಎಂದು ಹಟ ಹಿಡಿದು ಕೂತಿದ್ದಾನೆ.